ಮೂರು ಬೆಳೆ, ಮೂರು ತಿಂಗಳು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುಹಾಕಿದೆ. ಸಂಕಷ್ಟಿ ಯಾವತ್ತು, ಏಕಾದಶಿ ಯಾವತ್ತು, ಅಮಾವಾಸ್ಯೆ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ನೋಡುವುದಕ್ಕೆ ಅದು. ಮಿಕ್ಕಿದ್ದಕ್ಕೆಲ್ಲ ನಮ್ಮದು ರೇಷ್ಮೆ ಬೆಳೆಯ ಲೆಕ್ಕ. ಮಗಳಿಗೆ ಕಾಮಾಲೆ ಬಂದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, "ಹುಳುವಿಗೆ ಸುಣ್ಣಕಟ್ಟು ರೋಗ ಬಂದಿತ್ತಲ್ಲ, ಅದರ ಹಿಂದಿನ ಬೆಳೆ" ಎನ್ನುತ್ತೇವೆ. ನಾದಿನಿ ವೇಮಗಲ್ಲಿನಿಂದ ಬಂದು ಹೋಗಿ ಎಷ್ಟು ದಿನವಾಯಿತು ಎಂದರೆ, "ಎರಡು ಬೆಳೆ ಆಯ್ತು." ಶ್ರೀನಿವಾಸಪುರದ ಈ ಕಡೆ ಮಾವಿನ ತೋಪಿನವರಿಗೆ ವರ್ಷಕ್ಕೊಂದು ಲೆಕ್ಕ, ನಮ್ಮಂಥ ಹಿಪ್ಪುನೇರಳೆಯವರಿಗೆ ತಿಂಗಳಿಗೊಂದು. ತಿಂಗಳು ಎಂದು ನಾವು ಅಂದುಕೊಂಡಿದ್ದೆವು. ಎಡವಿದ್ದು ಅಲ್ಲೇ.

ನನ್ನ ಎದೆಯೊಳಗೆ ಒಂದು ಕವಾಟ ಸರಿಯಿಲ್ಲ. ಚಿಕ್ಕವಳಿದ್ದಾಗ, ಟೇಕಲ್ ಹತ್ತಿರದ ತವರಿನಲ್ಲಿ, ಕೀಲುಕೀಲು ಊದಿಕೊಂಡು ಜ್ವರ ಬಂದಿತ್ತಂತೆ. ಅದು ಹೋಗುವಾಗ ಎದೆಯನ್ನು ಕೆಡಿಸಿಯೇ ಹೋಗಿದೆ. ಇದು ಗೊತ್ತಾದದ್ದು ಎರಡನೇ ಹೆರಿಗೆಯಲ್ಲಿ, ಉಸಿರು ಸಿಕ್ಕದೆ ಮೂರು ದಿನ ಮಲಗಲಾರದೆ ಕೂತೇ ಇದ್ದಾಗ. ಮಗ ಉಳಿದ, ನಾನೂ ಉಳಿದೆ. ಬೆಳಗ್ಗೆ ದೀಪ ಹಚ್ಚುವಾಗ ಈಗಲೂ ಮೊದಲು ಅದನ್ನೇ ನೆನೆಯುತ್ತೇನೆ. ಅವತ್ತಿನಿಂದ ನನಗೆ ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್, ಅದನ್ನು ಬರೆದಿಡಲು ಒಂದು ಹಳದಿ ಕಾರ್ಡು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಕೈ ಹಿಡಿದುಕೊಂಡು ಹೇಳಿದ್ದರು: "ಮೂರನೇದು ಮಾತ್ರ ಬೇಡಮ್ಮಾ. ಮತ್ತೆ ಬಸುರಾದ್ರೆ ನಿನ್ನ ಉಳಿಸ್ಕೊಳ್ಳೋದು ನಮ್ಮ ಕೈಲಿರಲ್ಲ."

ಹಾಗೆ ಹೇಳುವುದು ಸುಲಭ. ಕಾಪರ್‌ಟಿ ಹಾಕಿಸಿದೆ, ರಕ್ತ ನಿಲ್ಲದೆ ತೆಗೆಸಿದೆ. ಹೆಂಗಸರ ಆಪರೇಷನ್ ಮಾಡಿಸಿಕೊಳ್ಳೋಣವೆಂದು ಖಾಲಿ ಹೊಟ್ಟೆಯಲ್ಲಿ ಕ್ಯಾಂಪಿಗೆ ಹೋಗಿ ಸಾಲಿನಲ್ಲಿ ಮಲಗಿದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರು ಎರಡು ಸಲ, ಮೂರು ಸಲ ಇಟ್ಟು ಕೇಳಿ, "ನಿಂಗೆ ಇಲ್ಲಿ ಮತ್ತು ಕೊಡೋಕಾಗಲ್ಲ, ಏಳು" ಎಂದರು. ನನ್ನ ಪಕ್ಕದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋದರು. ನಾನು ಸೆರಗು ಸರಿಮಾಡಿಕೊಂಡು ಎದ್ದು ಬಂದೆ. ಬಾಗಿಲವರೆಗೆ ಬಂದ ನರ್ಸಮ್ಮ ಹೇಳಿದ್ದು: "ನಿಮ್ಮ ಯಜಮಾನ್ರನ್ನ ಕಳಿಸಮ್ಮ. ಅವರಿಗಾದ್ರೆ ಹತ್ತು ನಿಮಿಷದ ಕೆಲ್ಸ. ಮತ್ತೂ ಬೇಡ, ಹೊಲಿಗೇನೂ ಬೇಡ."

ಮನೆಗೆ ಬಂದು ಇದನ್ನು ಹೇಗೆ ಹೇಳುವುದೆಂದು ಒಂದು ವಾರ ಯೋಚಿಸಿದೆ. ನಮ್ಮ ಮನೆಯವರು ಮಾತು ಕಡಿಮೆ. ಹುಳುವಿಗೆ ಸೊಪ್ಪು ಕತ್ತರಿಸುವ ಹೊತ್ತಿನಲ್ಲಿ, ಮುಖ ನೋಡದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಕತ್ತಿ ನಿಲ್ಲಿಸಲಿಲ್ಲ.

"ಹುಳ ಜ್ವರಕ್ಕೆ ಕೂತಾಗ ಹೋಗೋಣ ಬಿಡು" ಎಂದರು. ಅಷ್ಟೇ.

ರೇಷ್ಮೆ ಕಾಣದವರಿಗೆ ಹೇಳಬೇಕು. ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಅದಕ್ಕೆ ನಾವು ಜ್ವರ ಎನ್ನುತ್ತೇವೆ, ಒಂದು ಬೆಳೆಗೆ ನಾಲ್ಕು ಸಲ. ಮನೆಮಂದಿಗೆಲ್ಲ ಕೈಬಿಡುವು ಸಿಗುವುದು ಆ ಒಂದು ದಿನ. ಮದುವೆ ಮಾತುಕತೆ, ಹಲ್ಲು ಕೀಳಿಸುವುದು, ತಾಲ್ಲೂಕು ಕಚೇರಿ, ಎಲ್ಲವೂ ಹುಳು ಜ್ವರಕ್ಕೆ ಕೂತ ದಿನವೇ. ಹಾಗೆ ನಾಲ್ಕನೇ ಜ್ವರದ ದಿನ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ನನ್ನ ಇಂಜೆಕ್ಷನ್ನೂ ಅವತ್ತೇ ಇತ್ತು. ನಾನು ಸೊಂಟ ತಿಕ್ಕಿಕೊಳ್ಳುತ್ತ ಬೆಂಚಿನ ಮೇಲೆ ಕೂತಿದ್ದಾಗಲೇ ಅವರು ಹೊರಗೆ ಬಂದರು, ಕಾಲು ಅಗಲಿಸಿ, ಸೊಪ್ಪಿನ ಮೂಟೆ ಹೊತ್ತವರ ಹಾಗೆ ನಿಧಾನವಾಗಿ.

"ನೋವಾ?"

"ಇರುವೆ ಕಚ್ದಂಗಾಯ್ತು."

"ಏನ್ ಹೇಳಿದ್ರು?"

"ಒಂದ್ ವಾರ ಭಾರ ಎತ್ಬೇಡ ಅಂದ್ರು. ಮೂರ್ ತಿಂಗ್ಳು ಜೋಪಾನ. ಆಮೇಲೇನೋ ಪರೀಕ್ಷೆ ಐತಂತೆ."

ಇನ್ನೂ ಏನು ಹೇಳಿದರು ಎಂದು ಕೇಳಿದರೆ, "ಅಷ್ಟೇ ಕಣೇ" ಎಂದರು. ಒಳಗೆ ಅವರಿಗೆ ಹತ್ತು ಮಾತು ಹೇಳಿರುತ್ತಾರೆ, ಹೊರಗೆ ಬಂದದ್ದು ಮೂರು. ನಮ್ಮೂರ ಆಶಾ ಕಾರ್ಯಕರ್ತೆ ಅಕ್ಕ ಇಲ್ಲದಿದ್ದರೆ ಆ ಮೂರರ ಅರ್ಥವೂ ನನಗಾಗುತ್ತಿರಲಿಲ್ಲ. ಅಕ್ಕ ಬಂದು, ನಿರೋಧ್ ಪ್ಯಾಕೆಟ್‌ಗಳ ಒಂದು ಕಟ್ಟನ್ನು ಸೆರಗಿನಡಿಯಿಂದ ತೆಗೆದುಕೊಟ್ಟು ಹೇಳಿದರು: "ವಾಲ್ವ್ ತಿರುಗಿಸಿದ ತಕ್ಷಣ ಡ್ರಿಪ್ ಪೈಪಲ್ಲಿರೋ ನೀರು ನಿಂತೋಗ್ತದಾ? ತೊಟ್ಟಿಕ್ತಾನೇ ಇರ್ತದಲ್ಲ. ಇದೂ ಹಂಗೇ. ಮೂರು ತಿಂಗಳು ಇದನ್ನ ಬಳಸ್ಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡ್ಸಿ, ಏನೂ ಇಲ್ಲ ಅಂತ ಚೀಟಿ ಬಂದ್ಮೇಲೇನೇ ಧೈರ್ಯ. ಅಲ್ಲೀವರ್ಗೂ ಆಪರೇಷನ್ ಆಗಿಲ್ಲ ಅಂತ್ಲೇ ತಿಳ್ಕೋ."

ಇಷ್ಟು ಬಿಡಿಸಿ ಹೇಳಿದರು. ನಾನೂ ತಲೆಯಾಡಿಸಿದೆ. ಪ್ಯಾಕೆಟ್‌ಗಳನ್ನು ಎಲ್ಲಿಡುವುದೆಂದು ತಿಳಿಯದೆ, ಅತ್ತೆ ಕೈಹಾಕದ ಜಾಗವೆಂದು ಹುಳುವಿನ ಮನೆಯ ಸುಣ್ಣದ ಡಬ್ಬದ ಹಿಂದೆ ಇಟ್ಟೆ.

ಅತ್ತೆಗೆ ನಾವು ಹೇಳಿರಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಬೈಕ್ ಜಾರಿ ತೊಡೆ ಉಳುಕಿದೆ ಎಂದೆವು. ಗಡಿಯಾಚೆಯ ತೆಲುಗು ಊರಿನಿಂದ ಬಂದವರು ನಮ್ಮತ್ತೆ. ಸಂಕಟವಾದರೆ ಮಾತು ತೆಲುಗಿಗೆ ತಿರುಗುತ್ತದೆ. "ಅಯ್ಯೋ ನಾ ಬಿಡ್ಡಾ, ನನ್ ಕಂದಾ" ಎಂದು ಬಿಸಿನೀರು ಕಾಯಿಸಿ, ಬಟ್ಟೆ ಅದ್ದಿ, ಶಾಖ ಕೊಡಲು ಬಂದು ನಿಂತರು. ಮನೆಯವರು ಪಂಚೆ ಬಿಗಿ ಹಿಡಿದುಕೊಂಡು, "ನಾನೇ ಕೊಟ್ಕೋತೀನಿ, ಹೋಗಮ್ಮೋ" ಎಂದು ಬೇಡಿಕೊಂಡರು. ಮಾರನೆಯ ದಿನ ಹುಳು ಜ್ವರದಿಂದ ಎದ್ದಿತು. ನಾಲ್ಕನೇ ಜ್ವರ ಬಿಟ್ಟೆದ್ದ ಹುಳುವಿನ ಹಸಿವು ಹೇಳತೀರದು, ತಿನ್ನುವ ಸದ್ದು ಹಜಾರಕ್ಕೇ ಕೇಳಿಸುತ್ತದೆ. ಅವರು ಮೂಟೆ ಎತ್ತುವಂತಿಲ್ಲ, ನಾನು ಎತ್ತಿದರೆ ಉಸಿರು ಕಟ್ಟುತ್ತದೆ. ಎಂಟು ದಿನ ಅತ್ತೆ, ಕೂಲಿಯ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು, ಅರವತ್ತು ದಾಟಿದ ವಯಸ್ಸಿನಲ್ಲಿ ಸೊಪ್ಪು ಹೊತ್ತರು. ಒಂದು ದಿನವೂ ಸಾಕಾಯಿತು ಎನ್ನಲಿಲ್ಲ. ಆ ಬೆಳೆ ಚೆನ್ನಾಗಿ ಆಯಿತು. ಗೂಡು ಗಟ್ಟಿಯಾಗಿತ್ತು, ದೇವರ ಉಪಕಾರ.

ಬೆಳೆ ಬಿಡಿಸಿದ ದಿನ ಮೊದಲ ಒಂಬತ್ತು ಗೂಡುಗಳನ್ನು ಬಿಸಿಲಿಗೆ ಒಣಗಿಸಿ, ದಾರಕ್ಕೆ ಪೋಣಿಸಿ, ದೇವರ ಮನೆಯ ಕೋಲಾರಮ್ಮನ ಪಟಕ್ಕೆ ಗೊಂಚಲು ಕಟ್ಟುವುದು ನಮ್ಮತ್ತೆ ಕಲಿಸಿದ ರೂಢಿ. ಹೊಸದು ಕಟ್ಟುವಾಗ ಹಳೆಯದನ್ನು ತೆಗೆಯಬೇಕು. ಈ ಸಲ ನಾನು ತೆಗೆಯಲಿಲ್ಲ. ಮೂರು ತಿಂಗಳು ಎಂದರೆ ಮೂರು ಬೆಳೆ, ಮೂರು ಗೊಂಚಲು. ಅಮ್ಮನ ಮುಂದೆಯೇ ಲೆಕ್ಕ ಇರಲಿ, ತಪ್ಪುವುದಿಲ್ಲ ಎಂದು ನನ್ನ ಬುದ್ಧಿ. ಆಪರೇಷನ್ ಆದ ಹದಿಮೂರೋ ಹದಿನಾಲ್ಕೋ ದಿನಕ್ಕೆ ಬಿಡಿಸಿದ ಆ ಬೆಳೆಯ ಗೊಂಚಲನ್ನೂ ಒಂದು ಎಂದು ಎಣಿಸಿದೆ. ಆಮೇಲಿನ ಎರಡು ಬೆಳೆಯೂ ಹಾಗೆ ಬಂದವು, ಹಾಗೆ ಹೋದವು. ಎರಡು ಜ್ವರ ಕಳೆದ ಚಾಕಿ ಮರಿಹುಳು ತಂದರೆ ನಮ್ಮ ಮನೆಯಲ್ಲಿ ಅದು ಇರುವುದೇ ಇಪ್ಪತ್ತಮೂರು ಇಪ್ಪತ್ತನಾಲ್ಕು ದಿನ. ಇದು ನನಗೆ ಗೊತ್ತಿಲ್ಲದ್ದಲ್ಲ. ಹುಳುವಿನ ವಿಷಯವಾಗಿ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ.

ಮೂರನೇ ಗೊಂಚಲು ಕಟ್ಟಿದ ದಿನ ಮನೆಯವರು ದೇವರ ಮನೆಯ ಬಾಗಿಲಲ್ಲಿ ನಿಂತು ನೋಡಿದರು.

"ಮೂರಾಯ್ತಲ್ಲೇ."

"ಆಯ್ತು" ಎಂದೆ.

ಇನ್ನು ಸುಣ್ಣದ ಡಬ್ಬದ ಹಿಂದೆ ಕೈಹಾಕುವ ಅಗತ್ಯವಿಲ್ಲವೆಂದು ಇಬ್ಬರಿಗೂ ಒಂದು ಬಗೆಯ ಹಗುರ. ಪರೀಕ್ಷೆಯ ಚೀಟಿ ಬರಲಿ ಎಂದು ಅಕ್ಕ ಹೇಳಿದ್ದು ನೆನಪಿತ್ತು. ಪೇಟೆಗೆ ಹೋದಾಗ ಮಾಡಿಸಿದರಾಯಿತು ಎಂದುಕೊಂಡೆವು. ನಾಲ್ಕು ವರ್ಷ ಹೆದರಿಕೊಂಡೇ ಸಂಸಾರ ಮಾಡಿದವರು ನಾವು. ಎಂಟು ಹತ್ತು ದಿನ ಹೊಸದಾಗಿ ಮದುವೆಯಾದವರ ಹಾಗಿದ್ದೆವು. ಇದಕ್ಕಿಂತ ಹೆಚ್ಚು ಬರೆಯುವುದು ನನಗೆ ಬಾರದು.

ಆಮೇಲೆ ಒಂದು ಮಧ್ಯಾಹ್ನ ಆಶಾ ಅಕ್ಕ ಬಂದರು. ಪರೀಕ್ಷೆಯ ದಿನ ಹತ್ತಿರ ಬರುತ್ತಿದೆ, ನೆನಪಿಸೋಣವೆಂದು.

"ಹತ್ತಿರ ಏನಕ್ಕಾ? ಮೂರು ತಿಂಗಳು ಆಯ್ತಲ್ಲ."

"ಎಲ್ಲಾಯ್ತು? ನಿನ್ ಇಂಜೆಕ್ಷನ್ ಕಾರ್ಡ್ ತಾ."

ತಂದೆ. ಅಕ್ಕ ಬೆರಳಿಟ್ಟು ಎಣಿಸಿದರು. "ಇದು ಆಪರೇಷನ್ ದಿನದ್ದು. ಅಲ್ಲಿಂದೀಚೆಗೆ ಒಂದು, ಎರಡು, ಮೂರು. ಮೂರು ಇಪ್ಪತ್ತೊಂದು ಅರವತ್ತಮೂರು. ಮೇಲೊಂದು ಹತ್ತು ದಿನ. ತೊಂಬತ್ತು ಎಲ್ಲಮ್ಮಾ ಆಯ್ತು?" ಎಂದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಪ್ಯಾಕೆಟ್ ಬಳಸ್ತಿದೀರಿ ತಾನೆ?"

ಕಾರ್ಡು ನನ್ನದು. ಇಪ್ಪತ್ತೊಂದು ದಿನಕ್ಕೊಮ್ಮೆ, ಒಂದು ದಿನವೂ ತಪ್ಪಿಸದೆ ಸೊಂಟ ಒಡ್ಡಿದವಳು ನಾನು. ಆ ಕಾರ್ಡನ್ನು ಒಂದು ಸಲ ನೋಡಿದ್ದರೆ ಸಾಕಿತ್ತು.

"ಮೂರು ಬೆಳೆ ಆಯ್ತಕ್ಕಾ" ಎಂದೆ ಕೊನೆಗೆ.

"ಬೆಳೆ!" ಎಂದು ಅಕ್ಕ ಹಣೆ ಚಚ್ಚಿಕೊಂಡರು. "ಗಂಡಸಿಗೆ ಆಪರೇಷನ್ ಮಾಡ್ಸಿ ಹುಳದ ಲೆಕ್ಕ ಹಾಕ್ತಾರೇನೇ ಯಾರಾದ್ರೂ?"

ಅಷ್ಟು ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಸೊಪ್ಪಿನ ಕುಡುಗೋಲು ಹಿಡಿದು ನಿಂತಿದ್ದರು.

"ಏಮಮ್ಮಾ? ಯಾವ ಗಂಡಸಿಗೆ? ಏನಾಪರೇಷನ್ನು?"

ಅಕ್ಕನೇ ನಿಧಾನವಾಗಿ ಹೇಳಿದರು. ಅತ್ತೆ ಕುಡುಗೋಲು ಕೆಳಗಿಟ್ಟು ಕೂತರು. ಗಂಡಸಿನ ಬಲ ಹೋಗುತ್ತದೆ, ಮೂಟೆ ಹೊರುವವನಿಗೆ ಇದೆಲ್ಲ ಬೇಕಿತ್ತಾ ಎಂದು ಕೂಗಾಡುತ್ತಾರೆಂದು ನಾನು ಕಾದೆ. ಅದನ್ನೂ ಒಂದು ಸುತ್ತು ಅಂದರು. ಆದರೆ ಅವರಿಗೆ ನಿಜವಾಗಿ ಉರಿದದ್ದು ಬೇರೆ. "ಬೈಕಿಂದ ಬಿದ್ದ ಅಂದ್ರಲ್ಲೇ. ನಾನು ಅರ್ಧ ಊರಿಗೆ ಹೇಳ್ಕೊಂಡ್ ಬಂದೆ. ರಸ್ತೆ ಮಾಡ್ದೋರ್ನ ಬೈದೆ. ಎಂಟು ದಿನ ಸೊಪ್ಪು ಹೊತ್ನಲ್ಲೇ, ನಿಜ ಹೇಳಿದ್ರೆ ಹೊರ್ತಿರ್ಲಿಲ್ವಾ?"

ನಾನು ಆ ಕುಡುಗೋಲು ಎತ್ತಿಕೊಂಡು ಸೊಪ್ಪಿಗೆ ಹೊರಟೆ.

ಮಾರನೆಯ ದಿನ ದೇವರ ಮನೆಗೆ ಹೋದರೆ ಇನ್ನೊಂದು. ಹಗುರವಾದ ಆ ಉತ್ಸಾಹದಲ್ಲಿ ಮೂರನೇ ಗೊಂಚಲನ್ನು ಬಿಸಿಲಿಗೆ ಹಾಕುವುದನ್ನೇ ಮರೆತಿದ್ದೆ. ಒಳಗಿನ ಹುಳು ಸಾಯದೆ, ಗೂಡು ಕೊರೆದುಕೊಂಡು ಚಿಟ್ಟೆಗಳು ಈಚೆ ಬಂದಿದ್ದವು. ಎರಡು ಚಿಟ್ಟೆ ಪಟದ ಗಾಜಿನ ಮೇಲೆ ಕೂತಿದ್ದವು. ಅಮ್ಮನ ಮುಖದ ಪಕ್ಕಕ್ಕೆ, ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆಗಳು, ಯಾರೋ ಕೂತು ಜೋಡಿಸಿದ ಹಾಗೆ. ಬೇರೆ ದಿನವಾಗಿದ್ದರೆ ಕೈಮುಗಿಯುತ್ತಿದ್ದೆನೋ ಏನೋ. ಅವತ್ತು ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. ಒದ್ದೆ ಬಟ್ಟೆ ತಂದು ಗಾಜು ಉಜ್ಜಿದೆ. ಮೊಟ್ಟೆಗೆ ಅಂಟು ಜಾಸ್ತಿ, ಬೇಗ ಬಿಡುವುದಿಲ್ಲ. "ನಿನ್ ಮುಂದೇನೇ ಎಣಿಸಿದ್ನಲ್ಲ ತಾಯಿ, ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಬೈಯುತ್ತಲೇ ಉಜ್ಜಿದೆ. ಆಮೇಲೆ ಕೆನ್ನೆ ಬಡಿದುಕೊಂಡೆ.

ಇಷ್ಟು ದಿನದ ಲೆಕ್ಕದಲ್ಲಿ ಮನೆಯವರ ಪಾಲು ಎಷ್ಟು? "ಮೂರಾಯ್ತಲ್ಲೇ" ಎಂಬ ಒಂದು ಮಾತು. ಆಪರೇಷನ್ ಮಾತ್ರ ಅವರದು. ದಿನ ಎಣಿಸುವುದು, ಪ್ಯಾಕೆಟ್ ಬಚ್ಚಿಡುವುದು, ಅಕ್ಕನ ಬಾಯಿಂದ ಬೈಸಿಕೊಳ್ಳುವುದು ಎಲ್ಲ ನನ್ನದು. ಹಾಗೆಂದು ಅವರ ಮೇಲೆ ಹರಿಹಾಯಲೂ ಆಗುವುದಿಲ್ಲ. ಈ ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಗಂಡಸರು ಒಂದು ಮಾತಿಗೆ ಎದ್ದು ಹೋಗಿ ಮೇಜಿನ ಮೇಲೆ ಮಲಗಿದ್ದಾರೆ? ಬೈಯಲು ಬಾಯಿ ತೆರೆದಾಗೆಲ್ಲ ಅದು ನೆನಪಾಗಿ ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಅದೊಂದು ಕಿರಿಕಿರಿ.

ಅತ್ತೆಗೆ ತಿಳಿದ ಮೇಲೆ ಊರಿಗೆ ತಿಳಿಯಿತು. ಮನೆಯವರ ದಾಯಾದಿ ಅಣ್ಣನೊಬ್ಬ ಸೊಪ್ಪು ಸಾಲ ಕೇಳುವ ನೆಪದಲ್ಲಿ ಬಂದು ಜಗಲಿಯ ಮೇಲೆ ಕೂತ.

"ಏನ್ಲಾ, ಹೋರಿ ಹೋಗಿ ಎತ್ತಾಗ್ಬಿಟ್ಯಂತೆ?"

ಅಡುಗೆಮನೆಯಲ್ಲಿ ನನ್ನ ಕೈ ನಿಂತುಹೋಯಿತು. ಮನೆಯವರ ದನಿ ಮಾತ್ರ ಏರಲಿಲ್ಲ.

"ಹೂಂ ಕಣಣ್ಣೋ. ನೊಗ ತಗೊಂಡ್ ಬಾ, ನಿನ್ ಹೊಲಾನೂ ಉತ್ಕೊಡ್ತೀನಿ. ನಿನ್ ಕೈಲಂತೂ ಅದು ಆಗ್ತಾ ಇಲ್ಲ."

ದಾಯಾದಿ ಸೊಪ್ಪು ಕೇಳದೆಯೇ ಎದ್ದು ಹೋದ. ಆ ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಪರೀಕ್ಷೆಯನ್ನು ಈಗಲೇ ಒಂದು ಸಲ ಮಾಡಿಸಿ, ಎಷ್ಟು ಅಪಾಯವೆಂದಾದರೂ ತಿಳಿಯಲಿ ಎಂದು ಅಕ್ಕ ಹೇಳಿದ್ದರು. ಮೊದಲು ಮನೆಯವರೊಬ್ಬರೇ ಕೋಲಾರಕ್ಕೆ ಹೋದರು. ಸಂಜೆ ಬಂದವರು ಜೇಬಿನಿಂದ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು ಕಿಟಕಿಯ ಮೇಲಿಟ್ಟರು. ಖಾಲಿ.

"ಕೊಡ್ಲಿಲ್ವಾ?"

"ಅಲ್ಲೇ ಕೊಡ್ಬೇಕಂತೆ ಕಣೇ, ಅರ್ಧ ಗಂಟೆ ಒಳ್ಗೆ. ಲ್ಯಾಬಿನ ಕೊನೇಲಿ ಒಂದೇ ಒಂದು ಕಕ್ಕಸು. ಅದಕ್ಕೆ ಚಿಲಕ ಇಲ್ಲ. ಆಚೆ ಹತ್ತು ಜನ ಉಚ್ಚೆ ಡಬ್ಬಿ ಹಿಡ್ಕೊಂಡ್ ನಿಂತವ್ರೆ. ನಾನೇನ್ ಮಾಡ್ಲಿ?"

ಅಷ್ಟರಲ್ಲಿ ನನ್ನ ತಿಂಗಳ ದಿನ ದಾಟಿತ್ತು. ಒಂದು ದಿನ, ಎರಡು ದಿನ. ಯಾವತ್ತೂ ಹೀಗಾದವಳಲ್ಲ ನಾನು. ನಾಲ್ಕನೇ ದಿನ ಅಕ್ಕ ಕಿಟ್ ತಂದುಕೊಟ್ಟರು. ಒಂದೇ ಗೆರೆ ಬಂತು. ಒಂದು ಗೆರೆಯೆಂದರೆ ಇಲ್ಲ ಎಂದು ಅರ್ಥ. ಕೈಮುಗಿಯುವಷ್ಟರಲ್ಲಿ ಅಕ್ಕ, "ಇಷ್ಟು ಬೇಗ ನಂಬೋಕಾಗಲ್ಲ, ವಾರ ಬಿಟ್ಟು ಇನ್ನೊಂದ್ಸಲ ನೋಡ್ಬೇಕು" ಎಂದರು. ಇಲ್ಲ ಎಂದರೂ ಇಲ್ಲವಲ್ಲ! ಮಗಳ ಜಡೆಯನ್ನು ಎರಡೆರಡು ಸಲ ಬಿಚ್ಚಿ ಹಾಕಿದೆ. ಮಗನಿಗೆ ಇನ್ನೂ ನಾಲ್ಕು ವರ್ಷ, ಮುದ್ದೆ ತಾನೇ ಮುರಿದು ನುಂಗಲು ಈಗಷ್ಟೇ ಕಲಿಯುತ್ತಿದ್ದ. ನಾನಿಲ್ಲದಿದ್ದರೆ ಇವರಿಗೆ ಯಾರು ಎಂದು ಯೋಚಿಸಬಾರದೆಂದು ಗಟ್ಟಿ ಮನಸ್ಸು ಮಾಡಿ, ಅದನ್ನೇ ಯೋಚಿಸುತ್ತಿದ್ದೆ. ಮುಳಬಾಗಿಲಿನ ಆಂಜನೇಯನಿಗೆ ಹರಕೆ ಹೊರೋಣವೆಂದುಕೊಂಡೆ. ಆಮೇಲೆ, ಬ್ರಹ್ಮಚಾರಿ ದೇವರ ಮುಂದೆ ನಿಂತು ಇದನ್ನು ಹೇಗೆ ಕೇಳುವುದೆಂದು ನಾಚಿಕೆಯಾಗಿ ಬಿಟ್ಟೆ.

ಆಗ ಮನೆಯಲ್ಲಿದ್ದ ಬೆಳೆಯ ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ನಾನೇ ಹೊರಟೆ. "ನಡೀರಿ, ಬಾಗಿಲು ನಾನು ಹಿಡ್ಕೋತೀನಿ" ಎಂದೆ. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮಾವಿನ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ.

ಲ್ಯಾಬಿನ ಓಣಿಯಲ್ಲಿ ಅವರು ಡಬ್ಬಿ ಹಿಡಿದು ಒಳಗೆ ಹೋದರು. ನಾನು ಎರಡೂ ಕೈಯಿಂದ ಬಾಗಿಲನ್ನು ಒತ್ತಿ ಹಿಡಿದು, ಬೆನ್ನು ಕೊಟ್ಟು ನಿಂತೆ. ಗಂಡಸರು ಬರುತ್ತಾರೆ, ನನ್ನನ್ನು ನೋಡುತ್ತಾರೆ, ಬಾಗಿಲು ನೋಡುತ್ತಾರೆ. ಎಲ್ಲಿ ನೋಡುವುದೆಂದು ತಿಳಿಯದೆ ನಾನು ಕಣ್ಣು ಮುಚ್ಚಿ ಅಮ್ಮನವರ ನೂರೆಂಟು ನಾಮ ಶುರುಮಾಡಿದೆ. ಕೆಲಸ ಬೇಗ ಆಗಲಿ ಎಂದು. ಇಪ್ಪತ್ತೋ ಮೂವತ್ತೋ ನಾಮ ಆಗಿತ್ತು. ಒಳಗಿನಿಂದ ಹಲ್ಲು ಕಚ್ಚಿದ ದನಿ ಬಂತು.

"ಲೇ, ನೀನು ಆಚೆ ನಿಂತ್ಕೊಂಡು ದೇವ್ರ ನಾಮ ಹೇಳಿದ್ರೆ ನಾನು ಇಲ್ಲಿ ಏನೇ ಮಾಡ್ಲಿ?"

ಬಾಯಿ ಮುಚ್ಚಿದೆ. ಅಷ್ಟರಲ್ಲಿ ಬುರ್ಖಾ ಹಾಕಿದ ವಯಸ್ಸಾದ ಸಾಬರ ಅಮ್ಮ ಒಬ್ಬರು, ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಡಬ್ಬಿ ಹಿಡಿದು ಬಂದರು.

"ಅಂದರ್ ಕೌನ್ ಹೈ ಬೇಟಿ?"

"ನಮ್ಮನೆಯವ್ರಮ್ಮಾ."

"ಬಹಳ ಹೊತ್ತಾಯ್ತಾ? ಹೊಟ್ಟೆ ಖರಾಬಾ?"

ಏನು ಹೇಳಲಿ? "ಹೂಂನಮ್ಮಾ" ಎಂದೆ. ಆ ತಾಯಿ ಅಲ್ಲೇ ಕೋಲೂರಿ ನಿಂತುಬಿಟ್ಟರು. ಹಿಂದೆ ಬಂದವರನ್ನೆಲ್ಲ ಕೋಲು ಎತ್ತಿ ತಡೆದರು. "ಜಾವ್ ಜಾವ್, ಆಮೇಲೆ ಬನ್ರಿ. ಪಾಪ, ಆತಂದು ಹೊಟ್ಟೆ ಪೂರಾ ಖರಾಬು." ನನ್ನ ಕಡೆ ತಿರುಗಿ, "ಮಜ್ಜಿಗೇಲಿ ಮೆಂತ್ಯ ನೆನೆಸಿ ಕೊಡು ಬೇಟಿ, ಸಂಜೇಗೆ ಸರಿಹೋಗ್ತದೆ" ಎಂದರು. ಓಣಿಯಲ್ಲಿ ನಿಂತ ಅಷ್ಟೂ ಜನ ಮನೆಯವರ ಹೊಟ್ಟೆಗೆ ಮದ್ದು ಹೇಳತೊಡಗಿದರು. ಒಬ್ಬರು ದಾಳಿಂಬೆ ಸಿಪ್ಪೆ ಎಂದರು, ಇನ್ನೊಬ್ಬರು ಬರೀ ಗಂಜಿ ಎಂದರು. ಒಳಗೆ ಸದ್ದೇ ಇಲ್ಲ. ನನ್ನ ತೋಳು ಸೋತು, ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಬಾಗಿಲು ತಳ್ಳಿಕೊಂಡು ಬಂದವರು, ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದು, ಯಾರ ಮುಖವನ್ನೂ ನೋಡದೆ ನೇರ ಲ್ಯಾಬಿನ ಕಿಟಕಿಗೆ ನಡೆದರು. "ಅಲ್ಲಾ ಅಚ್ಛಾ ಕರೇಗಾ" ಎಂದು ಆ ತಾಯಿ ಹರಸಿದರು. ಅದೂ ನನಗೆ ಲಾಭವೇ.

ವರದಿ ಕೈಗೆ ಬಂತು. ಇಂಗ್ಲಿಷಿನಲ್ಲಿತ್ತು. ಊರಿಗೆ ತಂದು ತೋರಿಸಿದಾಗ ಅಕ್ಕ ಓದಿ ಹೇಳಿದರು: "ಇನ್ನೂ ಕಾಣಿಸ್ತಿದೆ ಕಣಮ್ಮಾ. ಸ್ವಲ್ಪಾನೇ. ಆದ್ರೆ ಓಡಾಡ್ತಿದೆ ಅಂತ ಬರ್ದಿದಾರೆ. ಮುಂದಿನ ತಿಂಗಳು ಮತ್ತೆ ಹೋಗ್ಬೇಕು."

ಮತ್ತೆ! ಮನೆಯವರು ಅಲ್ಲೇ ಇದ್ದರು. ವರದಿಯನ್ನು ತೆಗೆದು ಮಡಚಿದರು, ಬಿಚ್ಚಿದರು, ಮಡಚಿದರು. "ಏನಾದ್ರೂ ಆಗಿದ್ರೆ?" ಎಂದು ಅಕ್ಕನನ್ನು ಕೇಳಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಬಾಯಿಂದ ಅಂಥ ದನಿ ಕೇಳಿದ್ದು ಅದೇ ಮೊದಲು. ಅಕ್ಕ, "ಆಗಿದ್ರೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗೋಣ, ಬೇಗ ಹೋದ್ರೆ ದಾರಿ ಇದೆ" ಎಂದರು. ಆ ದಾರಿ ಯಾವುದೆಂದು ನನಗೆ ಗೊತ್ತಿತ್ತು. ದೇವರನ್ನು ನಂಬಿದವಳು ನಾನು, ಎರಡು ಹೆತ್ತವಳು. ಹೋಗುತ್ತಿದ್ದೆ. ಇರುವ ಇಬ್ಬರಿಗೆ ತಾಯಿ ಬೇಕು. ಆದರೆ ಹೋಗುವಂತೆ ಮಾಡಬೇಡ ಎಂದು ಅವತ್ತಿನಿಂದ ಕೂತಲ್ಲಿ ನಿಂತಲ್ಲಿ ಬೇಡುತ್ತಿದ್ದೆ.

ಓದುವವರನ್ನು ಕಾಯಿಸುವುದಿಲ್ಲ. ಆಮೇಲೆ ಕ್ಯಾಲೆಂಡರ್ ಪ್ರಕಾರ ದಿನ ತುಂಬಿ, ಇನ್ನೊಂದು ಸಲ ಬಾಗಿಲು ಹಿಡಿದು ಮಾಡಿಸಿದ ಪರೀಕ್ಷೆಯಲ್ಲಿ ಏನೂ ಉಳಿದಿಲ್ಲವೆಂದು ಬಂತು. ಆ ಚೀಟಿ ನನ್ನ ಹಳದಿ ಕಾರ್ಡಿನ ಜೊತೆಗಿದೆ. ನಾನು ಹೇಳಬೇಕಾದದ್ದು ಅದಕ್ಕೂ ಮುಂಚಿನ ಒಂದು ಬೆಳಗನ್ನು.

ದಿನ ದಾಟಿ ಹನ್ನೆರಡನೆಯದು. ಎರಡನೇ ಕಿಟ್ ಅಂದೇ ನೋಡಬೇಕಿತ್ತು. ಹುಳು ಹಣ್ಣಾಗುವ ಹೊತ್ತು, ಹಣ್ಣಾದದ್ದನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಬಿದಿರು ಚಂದ್ರಿಕೆಗಳನ್ನು ಅಂಗಳಕ್ಕೆ ತಂದು ದೂಳು ಕೊಡವುತ್ತಿದ್ದೆ. ಕಿಬ್ಬೊಟ್ಟೆ ಹಿಂಡಿದಂತಾಯಿತು. ಬಚ್ಚಲಿಗೆ ಓಡಿದೆ.

ಬಂದಿತ್ತು.

ಹೊರಗೆ ಬಂದು ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಮುಟ್ಟಾದವರು ದೇವರ ಮನೆಗೂ ಹೋಗುವಂತಿಲ್ಲ, ಹುಳುವಿನ ಮನೆಗೂ ಹೋಗುವಂತಿಲ್ಲ. ಮೂರು ದಿನ ಆ ಕಲ್ಲು, ಆ ಜಗಲಿ. ಎಷ್ಟೋ ವರ್ಷ ಆ ಕಲ್ಲಿನ ಮೇಲೆ ಕೂತು ನಾನು ಗೊಣಗಿದ್ದೇನೆ. ಅವತ್ತು ಅದು ಸಿಂಹಾಸನ. ಅತ್ತೆ ಹುಳುವಿನ ಮನೆಯಿಂದ ಇಣುಕಿ ನೋಡಿದರು. ನಾನು ಕೂತ ಜಾಗ ನೋಡಿದರು. ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಕಾಫಿ ತಂದು, ಮುಟ್ಟದ ಹಾಗೆ ಕಲ್ಲಿನ ತುದಿಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕೂತ್ಕೋ. ಎದ್ದೀಯಾ ಮತ್ತೆ. ಹುಳ ನಾನು ನೋಡ್ಕೋತೀನಿ. ಈ ಸಲಾನಾದ್ರೂ ಬೈಕಿಂದ ಬಿದ್ದೆ ಅನ್ಬೇಡ."

ನನಗಾಗ ಒಂದೇ ಆಸೆ. ಅಮ್ಮನ ಮುಂದೆ ಒಂದು ತುಪ್ಪದ ದೀಪ ಹಚ್ಚಿ, ಬೈದದ್ದಕ್ಕೆ ಅಡ್ಡಬೀಳಬೇಕು. ಹೋಗುವಂತಿಲ್ಲ! ಯಾವುದಕ್ಕಾಗಿ ಕೈಮುಗಿಯಬೇಕೋ ಅದೇ ನನ್ನನ್ನು ಹೊರಗೆ ಕೂರಿಸಿತ್ತು. ಮೂರು ದಿನ ಕಾಯುವ ತಾಳ್ಮೆ ನನಗಿರಲಿಲ್ಲ. ಕಾದೂ ಕಾದೂ ಸಾಕಾಗಿತ್ತು.

"ರೀ" ಎಂದು ಕೂಗಿದೆ. ಮನೆಯವರು ಸೊಪ್ಪಿನ ಮೂಟೆ ಇಳಿಸಿ ಬಂದರು. ನನ್ನನ್ನೂ ಕಲ್ಲನ್ನೂ ನೋಡಿ, ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಕೈಕಾಲು ತೊಳ್ಕೊಂಡ್ ಹೋಗಿ ಅಮ್ಮಂಗೆ ತುಪ್ಪದ ದೀಪ ಹಚ್ಚಿ. ನನ್ ಹೆಸ್ರಲ್ಲಿ."

ಹೋದರು. ಒಳಗಿನಿಂದ ಪಾತ್ರೆ ಬಿದ್ದ ಸದ್ದು.

"ತುಪ್ಪ ಎಲ್ಲೈತೇ?"

"ಎಡಗಡೆ ಗೂಡಲ್ಲಿ, ಹಿತ್ತಾಳೆ ಗಿಂಡೀಲಿ!" ಹನ್ನೊಂದು ವರ್ಷದಿಂದ ಅದೇ ಜಾಗದಲ್ಲಿದೆ.

"ಬತ್ತಿ?"

"ಗಿಂಡಿ ಪಕ್ಕದಲ್ಲೇ ರೀ!"

"ಒಂದಾ ಎರಡಾ?"

"ಎರಡು ಸೇರ್ಸಿ ಹೊಸೀರಿ. ಒಂಟಿ ಬತ್ತಿ ಹಚ್ಬೇಡಿ, ನಿಮ್ಗೆ ಕೈಮುಗೀತೀನಿ."

ಬೆಂಕಿಕಡ್ಡಿ ಗೀರಿದ ಸದ್ದು. ಆಮೇಲೆ ಬಾಗಿಲಿಗೆ ಬಂದರು. ಕೈಯಲ್ಲಿ ಆ ಮೂರೂ ಗೊಂಚಲು, ಮೂರನೆಯದು ತೂತು ತೂತು.

"ಇವನ್ನ ಏನ್ ಮಾಡ್ಲಿ?"

"ತಿಪ್ಪೆಗೆ ಹಾಕ್ರಿ. ಅಡುಗೆಮನೆ ಬಾಗಿಲ ಹಿಂದೆ ಕ್ಯಾಲೆಂಡರ್ ಐತೆ, ಅದನ್ನ ತಂದ್ಕೊಡಿ. ಜೊತೇಲಿ ಒಂದು ಪೆನ್ಸಿಲ್ಲು."

ಕ್ಯಾಲೆಂಡರ್ ತಂದು, ನನಗೆ ತಾಗದಂತೆ ಕಲ್ಲಿನ ಮೇಲೆ ಇಟ್ಟರು. ನಾನು ಆಪರೇಷನ್ನಿನ ತಿಂಗಳ ಹಾಳೆ ಹುಡುಕುತ್ತಿದ್ದೆ. ಮನೆಯವರು ಒಳಗೆ ಹೋಗಿ ಮತ್ತೆ ಕೂಗಿದರು.

"ಪೆನ್ಸಿಲ್ಲು ಎಲ್ಲೈತೇ?"